ಹೊಸ್ತಿಲ ವೀಳ್ಯ

ಆಯಮ್ಮ ತೀರಿಕೊಂಡ ದಿನ ನಮ್ಮ ಬೀದಿಯವರೆಲ್ಲ ಒಂದೇ ಮಾತು ಹಿಡಿದುಕೊಂಡಿದ್ದರು. ಪಾಪ. "ಪಾಪ, ಒಳ್ಳೇ ಎಂಗ್ಸು." "ಪಾಪ, ಯಾರ ತಂಟೆಗೂ ಓಗೋರಲ್ಲ." ಹೆಣದ ಮುಂದೆ ಜಗಳ ತೆಗೆಯಬಾರದೆಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಈಗ ಹೇಳುತ್ತೇನೆ. ಅವರು ಪಾಪದ ಹೆಂಗಸಾಗಿರಲಿಲ್ಲ. ಯಾರ ತಂಟೆಗೂ ಹೋಗದವರಂತೂ ಅಲ್ಲವೇ ಅಲ್ಲ. ನಮ್ಮ ಬೀದಿಯಲ್ಲಿ ಅವರ ಕೈಯಿಂದ ಬಾಗಿಲು ಸರಿಮಾಡಿಸಿಕೊಳ್ಳದ ಮನೆ ಇಲ್ಲ, ಅವರ ಬಾಯಿಂದ ಬೈಸಿಕೊಳ್ಳದ ಮನೆಯೂ ಇಲ್ಲ. ಬೈಸಿಕೊಳ್ಳುವಂಥದ್ದನ್ನೇ ನಾವು ಮಾಡಿದ್ದೆವು.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮೈದುನ ಅದನ್ನೂ ತನ್ನ ಮನೆತನದ ಕೀರ್ತಿ ಎಂದು ಹೇಳಿಕೊಂಡು ತಿರುಗುತ್ತಾನೆ. ಅದೊಂದಾದರೂ ಅವನ ಕೈಗೆ ಸಿಗದಿರಲಿ. ನಮ್ಮ ಸೀಮೆಯಲ್ಲಿ ಹತ್ತಿರ ಸೇರಿಸಿಕೊಳ್ಳಲು ಮನಸ್ಸಿಲ್ಲದ ಹೆಂಗಸನ್ನು 'ಆಯಮ್ಮ' ಅಂದುಬಿಡುತ್ತಾರೆ. ಬೀದಿಯೆಲ್ಲ ಅವರನ್ನು ಹಾಗೇ ಅಂದಿತು, "ಆಯಮ್ಮನ್ನ ಕರಿ, ಇತ್ಲು ಬಾಗ್ಲಿಂದ ಬಾ ಅಂತೇಳು" ಎಂದು ಏಕವಚನದಲ್ಲಿ. ನಾನು ಬಹುವಚನದಲ್ಲಿ ಬರೆಯುತ್ತೇನೆ. ಸಹಿಸಲಾರದವರು ಓದದಿರಲಿ.

ಅವರು ಬೇತಮಂಗಲದ ಕಡೆಯವರು. ಅಪ್ಪ ಗಾಡಿ ಕಟ್ಟುವ ಆಚಾರಿ. ಗಂಡುಮಕ್ಕಳಿಲ್ಲದ ಆತ ಮಗಳ ಕೈಗೇ ಉಳಿ, ಬಾಚಿ ಕೊಟ್ಟು ಕಲಿಸಿದ್ದ. ಗಂಡ ಗಣಿಯೊಳಗೆ ಬಂಡೆಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದು ಅಲ್ಲೇ ಹೋದ. ಅಂದಿನಿಂದ ಆಯಮ್ಮ ನಮ್ಮ ಎದುರು ಮನೆಯಲ್ಲಿ ಒಬ್ಬರೇ ಇದ್ದರು, ಜೊತೆಗೆ ಒಂದು ಮೇಕೆ. ಕುಂಕುಮವಿಲ್ಲದ ಹಣೆ, ಕಿವಿಯ ಹಿಂದೆ ಸಿಕ್ಕಿಸಿದ, ಮರಕ್ಕೆ ಗುರುತು ಹಾಕುವ ಒಂದು ಗೀಟು ಕಡ್ಡಿ, ಸೆರಗಿನಲ್ಲಿ ಯಾವಾಗಲೂ ಮರದ ಹೊಟ್ಟು. ನಡೆಯುವಾಗ ಮುಂದೆ ನೋಡುತ್ತಿರಲಿಲ್ಲ, ಎರಡೂ ಪಕ್ಕದ ಬಾಗಿಲುಗಳನ್ನು ನೋಡುತ್ತ ನಡೆಯುತ್ತಿದ್ದರು. ಯಾರಾದರೂ "ಚೆನ್ನಾಗಿದ್ದೀಯಾಮ್ಮಾ" ಎಂದು ಕೇಳಿದರೆ, "ನಾನು ಚೆನ್ನಾಗಿವ್ನಿ, ನಿನ್ ಕದ ಚೆನ್ನಾಗಿಲ್ಲ" ಎಂಬ ಉತ್ತರ.

ನಮ್ಮ ಬೀದಿ ಮಾರಿಕುಪ್ಪಂ ರೈಲು ನಿಲ್ದಾಣದ ಹತ್ತಿರ. ಒಂದಕ್ಕೊಂದು ಗೋಡೆ ಅಂಟಿಕೊಂಡ ಮಣ್ಣಿನ ಮನೆಗಳು. ಮುಂದೊಂದು ಬಾಗಿಲು, ಹಿತ್ತಲಿಗೊಂದು ಬಾಗಿಲು. ನಮ್ಮ ಕಾಲಡಿಯೇ ಚಿನ್ನದ ಗಣಿ. ಆಳದಲ್ಲಿ ಬಂಡೆ ಸಿಡಿದಾಗ ಮೇಲೆ ನೆಲ ಒಮ್ಮೆ ಗುದ್ದಿ ನಿಲ್ಲುತ್ತದೆ. ಅದಕ್ಕೆ ಏರ್ ಬ್ಲಾಸ್ಟು ಎನ್ನುತ್ತಾರೆ. ಗಂಡಸರು ಪಾಳಿಗೆ ಇಳಿದಿರುವ ಮನೆಗಳ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಗಣಿಗಿಳಿಯುವ ಶಾಫ್ಟಿನ ಕಡೆ ಓಡುತ್ತಾರೆ. ಅದು ದೊಡ್ಡ ಸಂಕಟ. ಅದರ ಹಿಂದೆಯೇ ಒಂದು ಸಣ್ಣ ಸಂಕಟ ಬರುತ್ತದೆ. ಗೋಡೆ ಅಷ್ಟಿಷ್ಟು ಕುಸಿದು, ಬಾಗಿಲ ಚೌಕಟ್ಟಿನ ಮೇಲ್ಮರ ಬಂದು ಕದದ ತಲೆಯ ಮೇಲೆ ಕೂತುಬಿಡುತ್ತದೆ. ತೆರೆದ ಕದ ಮುಚ್ಚದು, ಮುಚ್ಚಿದ ಕದ ತೆರೆಯದು.

ಆಗ ಜನ ಏನು ಮಾಡುತ್ತಿದ್ದರು? ಕದವನ್ನು ಕೆತ್ತಿಸುತ್ತಿದ್ದರು. ಮೇಲಿನಿಂದ ಅಷ್ಟು ಹೆರೆದರೆ ಕದ ಸಲೀಸಾಗಿ ಆಡುತ್ತಿತ್ತು. ಕೆಲವು ವಾರ ಕಳೆದು ನೆಲ ಇನ್ನೊಂದು ಸಲ ಗುದ್ದಿ ಗೋಡೆ ಬೇರೆ ಕಡೆ ವಾಲಿದರೆ ಕದದ ಮೇಲೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಬರುವುದು ಬರಿಯ ಗಾಳಿಯಲ್ಲ. ಚಿನ್ನ ತೆಗೆದು ಬಿಸಾಡಿದ ಪುಡಿಯನ್ನು ಸುರಿದೂ ಸುರಿದೂ ಊರ ಸುತ್ತ ಗುಡ್ಡ ಮಾಡಿದ್ದಾರಲ್ಲ, ಸೈನೈಡ್ ಗುಡ್ಡ, ಅದರ ಬಿಳಿ ಧೂಳು. ಆಷಾಢದ ಗಾಳಿಗೆ ಅದು ಮುದ್ದೆಯ ಮೇಲೂ ಕೂರುತ್ತದೆ, ಮಗುವಿನ ರೆಪ್ಪೆಯ ಮೇಲೂ ಕೂರುತ್ತದೆ.

"ನೆಲ ಅಲ್ಲಾಡಿದ್ರೆ ಕದ ಏನ್ಲಾ ಮಾಡ್ತು? ತಪ್ಪು ಒಬ್ರುದು, ತಲೆ ಬೋಳ್ಸೋದು ಇನ್ನೊಬ್ರುದು" ಎಂದು ಆಯಮ್ಮ ಕೂಗಾಡುತ್ತಿದ್ದರು. ಅವರು ಕಂಡುಕೊಂಡ ದಾರಿಯೇ ಬೇರೆ. ಕದದ ತಲೆಯನ್ನು ಒಂದೇ ಸಲ ತಗ್ಗಿಸಿ, ಚೌಕಟ್ಟಿನ ಮೇಲ್ಮರದ ಕೆಳಗೆ ಬೆರಳು ದಪ್ಪದ ಒಂದು ಮರದ ಪಟ್ಟಿಯನ್ನು ಕೂರಿಸುತ್ತಿದ್ದರು. ಮೊಳೆಯಿಲ್ಲ, ಅಂಟಿಲ್ಲ, ಎರಡು ಕಡೆ ಎರಡು ಬೆಣೆ. ನೆಲ ಗುದ್ದಿ ಕದ ಸಿಕ್ಕಿಕೊಂಡರೆ ಬೀದಿಯಲ್ಲಿ ನಿಂತೇ ಬೆಣೆ ತಟ್ಟಿ ಪಟ್ಟಿಯನ್ನು ಎಳೆದುಬಿಡುವುದು. ಗೋಡೆ ತನ್ನ ಜಾಗಕ್ಕೆ ಕೂತ ಮೇಲೆ ಮತ್ತೆ ಕೂರಿಸುವುದು. ಅಗಳಿ ಒಳಗಿರುವುದರಿಂದ ಕಳ್ಳರ ಭಯವೂ ಇಲ್ಲ. ನಮ್ಮ ಬೀದಿಯ ಎಲ್ಲ ಮುಂಬಾಗಿಲಿಗೂ ಆಯಮ್ಮನ ಪಟ್ಟಿ ಇತ್ತು.

ಬಾಗಿಲೊಂದೇ ಅಲ್ಲ. ಮಂಚದ ಒಂದು ಕಾಲು ಗಿಡ್ಡವಾಯಿತೆಂದು ಉಳಿದ ಮೂರನ್ನೂ ಕೊಯ್ಯುತ್ತಾ ಹೋಗಿ ಕೊನೆಗೆ ಮಂಚವನ್ನು ಮಣೆ ಮಾಡಿಕೊಂಡ ಮನೆಗೆ ಹೋಗಿ, "ಇನ್ನೊಂದ್ಸಲ ಕೊಯ್ಯಿ, ಚಾಪೆ ಆಗ್ತದೆ" ಎಂದು ಬಂದಿದ್ದರು. ಮಳೆಗಾಲದಲ್ಲಿ ಊದಿಕೊಂಡ ಕಿಟಕಿಯನ್ನು ಮಳೆಗಾಲದಲ್ಲೇ ಹೆರೆಯಲು ಕರೆದರೆ ಬರುತ್ತಿರಲಿಲ್ಲ. "ಬಸುರಿಗೆ ಅಳತೆ ತಕ್ಕೊಂಡು ರವಿಕೆ ಒಲೀತಾರಾ? ಸಂಕ್ರಾಂತಿಗೆ ಕರಿ." ಕೀಲಿನ ಸ್ಕ್ರೂ ಸಡಿಲವಾಗಿ ತೂತು ದೊಡ್ಡದಾದರೆ ಅದಕ್ಕೆ ಬಿದಿರ ಕಡ್ಡಿ ಜಡಿದು ಮತ್ತೆ ತಿರುಗಿಸುವುದು, ಎಳೆಯಲು ಬಾರದ ಮೇಜಿನ ಡ್ರಾಯರಿಗೆ ಮೇಣದಬತ್ತಿ ಉಜ್ಜುವುದು, ಗೆದ್ದಲು ತಿಂದ ಕಡೆ ಕೆರೆದು ಹೊಂಗೆ ಎಣ್ಣೆ ಕುಡಿಸುವುದು, ಇವನ್ನೆಲ್ಲ ಮಾಡುತ್ತ ಬೈಯುವರು, ಬೈಯುತ್ತ ಮಾಡುವರು. ನಾನು ಓದುತ್ತಿದ್ದ ಮೇಜು ಸೋಪಿನ ಪೆಟ್ಟಿಗೆ ಒಡೆದು ಮಾಡಿದ್ದು. ಅಪ್ಪ ಬೀದಿ ಬೀದಿಗೆ ಹಾಲು ಹಾಕಿ ನನ್ನನ್ನು ಓದಿಸಿದವರು, ಅದಕ್ಕಿಂತ ಒಳ್ಳೆಯದು ಎಲ್ಲಿಂದ ತಂದಾರು? ಅದರ ನಡುಕವನ್ನು ನಿಲ್ಲಿಸಿದವರು ಆಯಮ್ಮ. ಒಂದು ಬೆಣೆ ಹೊಡೆದು, ಮೇಜಿನ ಮೇಲೆ ಮೊಣಕೈಯೂರಿ ನೋಡಿ, "ಇನ್ನು ಇದು ಅಲ್ಲಾಡಲ್ಲ. ನೀನು ಅಲ್ಲಾಡಿದ್ರೆ ನನ್ನ ಕೇಳ್ಬೇಡ" ಎಂದರು. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಅದನ್ನು ಎಲ್ಲಿ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ, ಆ ಬೆಣೆಯನ್ನೂ ಸೇರಿಸಿ ಹೇಳುತ್ತೇನೆ. ನಾನು ಬಿ.ಎ. ಪಾಸಾಗಿ ಬಂದ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಏನ್ಲಾ ಬಿಯ್ಯೇ" ಎನ್ನುತ್ತಿದ್ದರು.

ಇನ್ನು ನನ್ನ ಹೊಟ್ಟೆಯುರಿಗೆ ಬರುತ್ತೇನೆ.

ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ಮನೆಯ ಮುಂಬಾಗಿಲಿಗೆ ಉಳಿ ಮುಟ್ಟಿಸಿದವರಿಗೆ ಕೆಲಸ ಮುಗಿದ ಮೇಲೆ ಆ ಮನೆಯ ಹೆಂಗಸು ಹೊಸ್ತಿಲ ಮೇಲೆ ನಿಂತು ವೀಳ್ಯ ಕೊಡಬೇಕು. ಎಲೆ, ಅಡಿಕೆ, ತೆಂಗಿನಕಾಯಿ. ಕೂಲಿ ಬೇರೆ, ಇದು ಬೇರೆ. ನಿನ್ನ ಕೈ ಮುಟ್ಟಿದ ಬಾಗಿಲಲ್ಲಿ ನಾವು ಓಡಾಡುತ್ತೇವೆ ಎಂದು ಊರೆದುರು ಒಪ್ಪಿಕೊಳ್ಳುವ ಮರ್ಯಾದೆ. ಆಯಮ್ಮನಿಗೆ ಅದನ್ನು ಯಾರೂ ಕೊಡಲಿಲ್ಲ. ಗಂಡ ಸತ್ತವರ ಕೈಗೆ ಹೊಸ್ತಿಲ ವೀಳ್ಯ ಹೇಗೆ ಕೊಡುವುದು, ಮನೆಗೆ ಕೇಡಲ್ಲವೇ? ಹಾಗಾದರೆ ಅವರಿಂದ ಬಾಗಿಲ ಕೆಲಸ ಮಾಡಿಸಬಾರದಿತ್ತು. ಅದಕ್ಕೆ ಮಾತ್ರ ಯಾವ ಕೇಡೂ ಅಡ್ಡ ಬರಲಿಲ್ಲ. ಹಿತ್ತಲಿಂದ ಕರೆಸಿ, ಮುಂಬಾಗಿಲ ಕೆಲಸವನ್ನು ಒಳಗಿನಿಂದ ಮಾಡಿಸಿ, ಹಿತ್ತಲಿಂದಲೇ ಕಳಿಸುತ್ತಿದ್ದರು. ಆಮೇಲೆ ಅವರ ಮೈದುನನಿಗೆ ಹೇಳಿಕಳಿಸುತ್ತಿದ್ದರು. ಅವನು ನೆಟ್ಟಗೆ ಒಂದು ಮೊಳೆ ಹೊಡೆಯಲು ಬಾರದವನು. ಒಗೆದ ಪಂಚೆಯುಟ್ಟು, ಕೊಡತಿ ಎಂಬ ಮರದ ಸುತ್ತಿಗೆ ಹಿಡಿದು ಬಂದು, ಚೌಕಟ್ಟಿಗೆ ಟಕ್ ಟಕ್ ಎಂದು ಎರಡು ಏಟು ತಟ್ಟಿ ಕೈಚಾಚುತ್ತಿದ್ದ. ವೀಳ್ಯ ಅವನಿಗೆ. ಇದು ಒಂದು ಮನೆಯ ಕಥೆಯಲ್ಲ, ಎಲ್ಲ ಮನೆಯದೂ ಇದೇ.

ಆಯಮ್ಮ ಇದನ್ನು ನುಂಗಿಕೊಂಡಿದ್ದರು ಎಂದುಕೊಳ್ಳಬೇಡಿ. ನಲ್ಲಿಯ ಹತ್ತಿರ, ರಾಗಿ ಬೀಸುವ ಕಡೆ, ಎಲ್ಲೆಂದರಲ್ಲಿ ಕೇಳುತ್ತಿದ್ದರು. "ನನ್ ಕೈ ಕೆಲ್ಸಕ್ಕೆ ನನ್ ಕೈಗೆ ವೀಳ್ಯ. ಒಂದ್ಸಲ. ಒಸ್ಲು ಮ್ಯಾಲೆ. ಅಷ್ಟೇ ನಾನು ಕೇಳೋದು." ಹೆಂಗಸರು ನಕ್ಕು, "ವಯಸ್ಸಾದ್ಮೇಲೆ ನಿಂಗೆ ಎಲೆ ಅಡಿಕೆ ಆಸೆ ಯಾಕಮ್ಮಾ?" ಎನ್ನುವರು. "ಆಸೆ ಎಲೆ ಮ್ಯಾಲಲ್ಲ, ಒಸ್ಲು ಮ್ಯಾಲೆ" ಎಂದು ಕೊಡ ಎತ್ತಿಕೊಂಡು ಹೋಗುವರು.

ನಾನು ಬಂಗಾರಪೇಟೆಯ ಶಾಲೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ, ವೈಶಾಖದಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಅಪ್ಪನ ಅಣ್ಣ, ಬೂದಿಕೋಟೆಯ ದೊಡ್ಡಪ್ಪ, ಯಜಮಾನಿಕೆ ಮಾಡಲು ಬಂದಿಳಿದರು. ಮುಂಬಾಗಿಲಿಗೆ ಬಣ್ಣ ಬಳಿಸಬೇಕೆಂದಾಗ ನಾನು ಆಯಮ್ಮನನ್ನು ಕರೆಯೋಣ, ವೀಳ್ಯವನ್ನೂ ಅವರಿಗೇ ಕೊಡೋಣ ಎಂದೆ. ದೊಡ್ಡಪ್ಪ, "ಮದ್ವೆ ಮನೆ ಬಾಗ್ಲಿಗೆ ಆ ಕೈ ಬೇಡ" ಎಂದು ಆಯಮ್ಮನ ಮೈದುನನನ್ನೇ ಕರೆಸಿದರು. ಅವನು ಬಂದು ಕದಕ್ಕೂ ಚೌಕಟ್ಟಿಗೂ ಹಸಿರು ಬಣ್ಣ ಬಳಿದ. ಬಳಿಯುವ ಮೊದಲು ಆಯಮ್ಮನ ಪಟ್ಟಿಗೆ ಉದ್ದಕ್ಕೂ ಮೊಳೆ ಜಡಿದ. ಎದುರು ಮನೆಯ ಜಗಲಿಯಿಂದ ಆಯಮ್ಮ ನೋಡಿದರು.

"ಲೇ, ಆ ಪಟ್ಟಿಗೆ ಮೊಳೆ ಒಡೀಬೇಡ ಕಣ್ಲಾ. ಅದು ಕೀಳೋಕೆ ಇರೋದು."

"ಅಲ್ಲಾಡ್ತಿತ್ತು ಅತ್ತಿಗೆ. ಭದ್ರ ಮಾಡ್ದೆ."

"ಭದ್ರ ಮಾಡ್ದೆಯಾ? ಕದಕ್ಕೆ ಗೋರಿ ಕಟ್ಟಿದ್ದೀಯ ನೀನು!"

ದೊಡ್ಡಪ್ಪ ಚಪ್ಪರದಿಂದಲೇ ಗದರಿದರು. ಆಯಮ್ಮ ಒಳಗೆ ಹೋದರು.

ಮದುವೆಯ ಬೆಳಿಗ್ಗೆ ತಂಗಿಗೆ ಸೀರೆ ಉಡಿಸಲು ಹೆಂಗಸರು ಮುಂಬಾಗಿಲು ಮುಚ್ಚಿಕೊಂಡರು. ಗಂಡಿನ ಕಡೆಯವರು ಚಪ್ಪರದಲ್ಲಿ ಕೂತಿದ್ದರು, ವಾಲಗ ಶುರುವಾಗಿತ್ತು. ಆಗ ನೆಲ ಗುದ್ದಿತು. ಸಣ್ಣ ಗುದ್ದು. ಕೆಳಗೆ ಯಾರಿಗೂ ಏನೂ ಆಗಿಲ್ಲವೆಂಬ ಸುದ್ದಿ ಬೇಗನೆ ಬಂತು, ಬೀದಿಗೆ ಬೀದಿಯೇ ಉಸಿರುಬಿಟ್ಟಿತು. ಆದರೆ ನಮ್ಮ ಕದ ಕಚ್ಚಿಕೊಂಡಿತ್ತು. ಒಳಗಿನಿಂದ ಎಳೆದರು, ಹೊರಗಿನಿಂದ ತಳ್ಳಿದೆವು. ಮೈದುನ ಕೊಡತಿಯಿಂದ ಬಡಿದ, ಬಣ್ಣ ಹಾರಿತೇ ಹೊರತು ಕದ ಜಗ್ಗಲಿಲ್ಲ. ಪಟ್ಟಿ ಎಳೆಯೋಣವೆಂದರೆ ಮೊಳೆ.

ಪಕ್ಕದ ಮನೆಯ ತಮಿಳು ಅಜ್ಜಿ, "ಇತ್ಲು ಬಾಗ್ಲು ಐತಲ್ಲ, ಅಲ್ಲಿಂದ ಕರ್ಕೊಂಡ್ ಬನ್ನಿ ಪಾ" ಎಂದರು.

ಗಂಡಿನ ತಾತ ಎದ್ದು ನಿಂತ. "ಮದ್ಲಿಂಗಿತ್ತಿ ಇತ್ಲಿಂದ ಬರೋದಾ? ನಾವೇನು ಕದ್ಕೊಂಡೋಗೋಕೆ ಬಂದಿದ್ದೀವಾ? ಮುಂಬಾಗ್ಲಲ್ಲಿ ಬಂದ್ರೆ ಮದ್ವೆ. ಇಲ್ಲಾಂದ್ರೆ ಗಾಡಿ ಕಟ್ಟಿ."

ಎದುರು ಜಗಲಿಯಲ್ಲಿ ಆಯಮ್ಮ ನಕ್ಕರು. ಮದುವೆ ಮನೆಗೆ ಅವರು ಬರುವಂತಿರಲಿಲ್ಲ, ತಮ್ಮ ಕಂಬಕ್ಕೆ ಒರಗಿಕೊಂಡೇ ಹೇಳಿದರು: "ಇಷ್ಟು ವರ್ಸ ನಂಗೆ ಇತ್ಲು ಬಾಗ್ಲು ಆಯ್ತು. ನಿಮ್ ಎಣ್ಣಿಗೆ ಒಂದಿನ ಆಗಲ್ವಾ?"

ಯಾರೋ ಕದವನ್ನು ಒದ್ದು ಬಿಡೋಣ ಎಂದರು. "ಒದೀ. ವಾಸಕಾಲು ಸೀಳ್ತದೆ, ಮ್ಯಾಗಿನ ಗೋಡೆ ಆ ಮಗೀನ ತಲೆ ಮ್ಯಾಲೆ ಬರ್ತದೆ" ಎಂದು ಆಯಮ್ಮ ಬಾಗಿಲ ಚೌಕಟ್ಟಿನ ಕಡೆ ಕೈ ತೋರಿಸಿದರು. ಅಷ್ಟು ಹೊತ್ತಿಗೆ ಕಿಟಕಿಯ ಸರಳಿನ ಹಿಂದೆ ನನ್ನ ತಂಗಿಯ ಮುಖ ಕಂಡಿತು. ಬಾಸಿಂಗ ಅರ್ಧ ಕಟ್ಟಿತ್ತು. "ಅತ್ತೇ, ತೆಗೀ ಅತ್ತೇ" ಎಂದು ಆಯಮ್ಮನನ್ನು ಕೂಗಿದಳು.

ದೊಡ್ಡಪ್ಪ ಬೀದಿ ದಾಟಿದರು. "ಆಯ್ತು ಕಣಮ್ಮಾ, ನಿಂಗೆ ವೀಳ್ಯ ತಾನೇ ಬೇಕು? ಕೊಡ್ತೀವಿ. ಮೊದ್ಲು ಬಾಗ್ಲು ತೆಗಿ."

"ಎಲ್ಲಿ ಕೊಡ್ತೀಯಪ್ಪಾ?"

"ಎಲ್ಲಿ ಅಂದ್ರೆ?"

"ನಾನ್ಯಾಕೆ ಏಳ್ಬೇಕು? ನೀನೇ ಏಳು, ಅಷ್ಟು ಜನಕ್ಕೂ ಕೇಳಂಗೆ."

"ಒಸ್ಲು ಮ್ಯಾಲೆ," ಎಂದರು ದೊಡ್ಡಪ್ಪ. ಚಪ್ಪರವೆಲ್ಲ ಕೇಳಿಸಿಕೊಂಡಿತು.

ಆಯಮ್ಮ ಒರಳುಕಲ್ಲು ಉರುಳಿಸಿ ತರಿಸಿ ಅದರ ಮೇಲೆ ಹತ್ತಿದರು. ಬಣ್ಣದ ಅಡಿಯಲ್ಲಿ ಮೊಳೆ ಎಲ್ಲೆಲ್ಲಿವೆ ಎಂದು ಉಗುರಿನಿಂದ ಕೆರೆದು ಹುಡುಕಿದರು. ಉಳಿಯಿಂದ ಸುತ್ತ ಬಿಡಿಸಿ, ಇಕ್ಕಳದಿಂದ ಒಂದೊಂದನ್ನೇ ಕಿತ್ತು, ಪ್ರತಿಯೊಂದು ಮೊಳೆಯನ್ನೂ ಮೈದುನನ ಕಾಲ ಬಳಿಗೆ ಎಸೆದರು. "ತಕ್ಕೋ ನಿನ್ ಭದ್ರ. ಇನ್ನೊಂದು ತಕ್ಕೋ." ವಾಲಗದವರು ಕೂಡ ನಕ್ಕರು. ಕೊನೆಗೆ ಬೆಣೆ ತಟ್ಟಿ ಪಟ್ಟಿಯನ್ನು ಎಳೆದರು. ಕದ ತಾನಾಗಿಯೇ ಒಂದು ಗೇಣು ಸರಿಯಿತು.

ತಂಗಿ ಹೊಸ್ತಿಲ ಒಳಗೆ ನಿಂತಿದ್ದಳು. ಪಕ್ಕದಲ್ಲಿ ಅಮ್ಮ, ಕೈಯಲ್ಲಿ ವೀಳ್ಯದ ತಟ್ಟೆ. ಆಯಮ್ಮ ಒರಳಿನಿಂದ ಇಳಿದು ಸೆರಗಿಗೆ ಕೈ ಒರಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೈದುನ ಮುಂದೆ ಬಂದು ಚೌಕಟ್ಟಿಗೆ ಟಕ್ ಟಕ್ ಎಂದು ಎರಡು ಏಟು ತಟ್ಟಿ ಕೈಚಾಚಿದ. ದೊಡ್ಡಪ್ಪ ಅಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡು ಆ ಕೈಗೆ ಇಟ್ಟರು.

"ಯಾರ್ ಕೈ ಆದ್ರೇನಮ್ಮಾ, ನಿಮ್ಮನೆ ಕೈಯೇ ಅಲ್ವಾ?" ಎಂದು ನಕ್ಕರು.

"ದೊಡ್ಡಪ್ಪಾ, ಮಾತು ಕೊಟ್ಟಿದ್ದೀರಿ!" ಎಂದು ನಾನು ಕಿರುಚಿದೆ.

"ನಿನ್ ಬಿ.ಎ. ಬಂಗಾರಪೇಟೇಲಿ ಇಟ್ಕೋ. ಮುಹೂರ್ತ ಮೀರ್ತದೆ." ಕೈ ಎತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡಿದರು. ನನ್ನ ಉಳಿದ ಮಾತುಗಳು ಡೋಲಿನ ಸದ್ದಿನಲ್ಲಿ ಹೋದವು.

ಆಯಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಅವರು ಬೈಯದೆ ಇದ್ದುದನ್ನು ನಾನು ಕಂಡದ್ದು ಅಂದೊಂದೇ ದಿನ. ಒರಳಿಗೆ ಒರಗಿಸಿದ್ದ ಪಟ್ಟಿಯನ್ನು ಎತ್ತಿಕೊಂಡು, "ಇದು ನಂದು" ಎಂದಷ್ಟೇ ಹೇಳಿ ಬೀದಿ ದಾಟಿ ಹೋದರು.

ಮರುದಿನ ಬೆಳಿಗ್ಗೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಬಂದರು. ಪ್ರತಿ ಮುಂಬಾಗಿಲ ಎದುರು ನಿಂತು, ಬೆಣೆ ತಟ್ಟಿ, ತಮ್ಮ ಪಟ್ಟಿಯನ್ನು ಎಳೆದುಕೊಂಡರು. ಯಾರ ಮನೆಯ ಒಳಗೂ ಕಾಲಿಡಬೇಕಾಗಿರಲಿಲ್ಲ. ಜನ ಬಾಯಿ ಬಾಯಿ ಬಿಟ್ಟು ನೋಡಿದರು. "ಏನಮ್ಮಾ ಇದು?" ಎಂದರೆ, "ಒಸ್ಲಿಗೆ ಬಂದು ಕೊಟ್ರೆ ಒಸ್ಲಿಗೆ ಬಂದು ಆಕ್ತೀನಿ" ಎಂದು ಮುಂದಿನ ಮನೆ. ಪಟ್ಟಿಗಳನ್ನು ಸೌದೆ ಹೊರೆಯಂತೆ ಕಟ್ಟಿ ಹೊತ್ತುಕೊಂಡು ಹೋಗಿ ತಮ್ಮ ಅಟ್ಟದ ಮೇಲೆ ಇಟ್ಟರು.

ಜನ ಮೈದುನನಿಂದ ಹೊಸ ಪಟ್ಟಿ ಹಾಕಿಸಿದರು. ಅವನು ಮೊಳೆ ಹೊಡೆದ. ನೆಲ ಗುದ್ದಿದಾಗ ಕದಗಳು ಕಚ್ಚಿಕೊಂಡವು, ಒಡೆದು ತೆಗೆದರು. ಆಮೇಲೆ ಬರಿಯ ಸಂದು. ಅಷ್ಟರಲ್ಲಿ ಆಷಾಢದ ಗಾಳಿ ಎದ್ದಿತು, ಗುಡ್ಡದ ಧೂಳು ಎಲ್ಲರ ಮನೆಗೂ ಬಂತು. ಸಂದಿಗೆ ಹಳೆಯ ಬಟ್ಟೆ ತುರುಕಿದರು, ಗೋಣಿ ತುರುಕಿದರು. ಕೆಮ್ಮಿಕೊಂಡು ಉಂಡರು. ಒಂದು ಎಲೆ, ಒಂದು ಅಡಿಕೆ ಕೊಡುವುದಕ್ಕಿಂತ ಅದೇ ವಾಸಿ ಎನ್ನಿಸಿತು ಅವರಿಗೆ! ಇಂಥವರು ಹೆಣದ ಮುಂದೆ ಬಂದು ಪಾಪ ಎನ್ನುತ್ತಾರೆ.

ಆಷಾಢಕ್ಕೆಂದು ತವರಿಗೆ ಬಂದ ತಂಗಿ ಗೋಣಿ ತುರುಕಿದ ಬಾಗಿಲನ್ನು ನೋಡಿದಳು. ಬುಟ್ಟಿಯನ್ನು ಕೆಳಗಿಳಿಸದೆ ಅಲ್ಲೇ ನಿಂತು, "ಅಮ್ಮಾ, ತಟ್ಟೆ ತಾ" ಎಂದಳು.

"ನಿಮ್ ದೊಡ್ಡಪ್ಪಂಗೆ ಗೊತ್ತಾದ್ರೆ..." ಎಂದರು ಅಮ್ಮ.

"ಮುಂಬಾಗ್ಲಲ್ಲಿ ಆಚೆ ಬಂದೋಳು ನಾನು. ಆ ಬಾಗ್ಲು ತೆಗ್ದೋರು ಯಾರು, ದೊಡ್ಡಪ್ಪನಾ?"

ಅಪ್ಪ ಹಾಲಿನ ಚೊಂಬು ತೊಳೆಯುತ್ತಿದ್ದವರು ತಲೆಯೆತ್ತದೆ, "ಕೊಡಮ್ಮಾ" ಎಂದರು. ನಮ್ಮ ಅಪ್ಪ ಅಣ್ಣನ ಮಾತಿಗೆ ಎದುರಾಡಿದ್ದು ಅಷ್ಟೇ, ಒಂದೇ ಮಾತು.

ತಂಗಿ ಬೀದಿಗೆ ಇಳಿದು ಕೂಗಿದಳು. ಆಯಮ್ಮ ಬಂದರು. ಹೊಸ್ತಿಲ ಮುಂದೆ ನಿಂತವರು ಒಮ್ಮೆ ಹಿಂದೆ ತಿರುಗಿ ಬೀದಿಯನ್ನು ನೋಡಿದರು, ಎಲ್ಲ ಬಾಗಿಲಲ್ಲೂ ಜನ ಇದ್ದರು. ತಂಗಿ ತಟ್ಟೆ ನೀಡಿದಳು. ಆಯಮ್ಮ ಎಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ತುದಿ ಒಣಗೈತಲ್ಲೇ."

"ಇವತ್ತು ಸಿಕ್ಕಿದ್ದು ಅದೇ ಅತ್ತೇ."

"ಓಗ್ಲಿ" ಎಂದು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಏನ್ಲಾ ಬಿಯ್ಯೇ, ಬಾಯಿ ಬಿಟ್ಕೊಂಡು ನಿಂತಿದ್ದೀಯ? ಒರಳುಕಲ್ಲು ಉರುಳ್ಸು" ಎಂದರು. ಅಂದು ಸಂಜೆಯೊಳಗೆ ನಮ್ಮ ಪಟ್ಟಿ ತನ್ನ ಜಾಗದಲ್ಲಿತ್ತು.

ಉಳಿದವರಲ್ಲಿ ಅರ್ಧ ಮನೆಯವರು ಮುಂದಿನ ದಿನಗಳಲ್ಲಿ ಕೊಟ್ಟರು. ಕೆಲವರು ಜಾಣತನ ಮಾಡಿ ಹಿತ್ತಲಿಗೆ ಕರೆದು ಕೊಟ್ಟರು. ಆ ಎಲೆಯನ್ನು ಆಯಮ್ಮ ಅವರ ಕಣ್ಣೆದುರೇ ಮೇಕೆಗೆ ತಿನ್ನಿಸಿ ಬಂದರು, ಪಟ್ಟಿ ಹಾಕಲಿಲ್ಲ. ಇನ್ನು ಕೆಲವರು ಕೊಡಲೇ ಇಲ್ಲ, ಇಂದಿಗೂ ಧೂಳು ತಿನ್ನುತ್ತಿದ್ದಾರೆ. ಆ ಮನೆಗಳ ಪಟ್ಟಿಗಳು ಆಯಮ್ಮ ಹೋಗುವವರೆಗೂ ಅವರ ಅಟ್ಟದ ಮೇಲೇ ಇದ್ದವು. ಈಗ ಮೈದುನ ಅವನ್ನು ನೀರೊಲೆಗೆ ಹಾಕಿದ್ದಾನೆ.

ಆಯಮ್ಮ ತೀರಿಕೊಂಡ ಮೇಲೆ, ಹೋದ ವಾರ ಮತ್ತೆ ನೆಲ ಗುದ್ದಿತು. ನಮ್ಮ ಕದ ಕಚ್ಚಿಕೊಂಡಿತು. ನಾನು ಹಿತ್ತಲಿಂದ ಸುತ್ತಿ ಬೀದಿಗೆ ಬಂದು, ಒರಳುಕಲ್ಲು ಹತ್ತಿ, ಬೆಣೆ ತಟ್ಟಿ ಪಟ್ಟಿ ಎಳೆದೆ. ಕದ ತೆರೆಯಿತು. ನೋಡುತ್ತೇನೆ, ಒಳಗಿನಿಂದ ನನ್ನ ಹೆಂಡತಿ ತಟ್ಟೆಯಲ್ಲಿ ಎಲೆ, ಅಡಿಕೆ, ಕಾಯಿ ಇಟ್ಟುಕೊಂಡು ಬಂದಿದ್ದಾಳೆ. ನಾನು ಹೇಳಿರಲಿಲ್ಲ. ನನ್ನ ಕೈಗೆ ನೀಡದೆ, ಎದುರಿನ ಆಯಮ್ಮನ ಜಗಲಿಯ ಕಡೆ ನೋಡಿ, ಬಗ್ಗಿ ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟಳು.

ಬೀದಿಯಲ್ಲಿ ಮೈದುನ ಬರುತ್ತಿದ್ದ. ಒಗೆದ ಪಂಚೆ. ತಟ್ಟೆ ಕಂಡು ನಡಿಗೆ ನಿಧಾನ ಮಾಡಿದ, ನಮ್ಮ ಬಾಗಿಲ ಎದುರು ನಿಂತೂಬಿಟ್ಟ.

ನನ್ನ ಹೆಂಡತಿ ತಟ್ಟೆಯ ಹಿಂದೆ ನೆಟ್ಟಗೆ ನಿಂತು, "ಮುಂದಕ್ಕೋಗಪ್ಪಾ" ಎಂದಳು.